ಗುಡುಗವ್ವ ಬಂದ ಶ್ರಾವಣ

ಹೋದ ತಿಂಗಳು ಬಾದಾಮಿಯಿಂದ ಮಹಾಕೂಟಕ್ಕೆ ಹೊರಟಿದ್ದೆ. ಗುಡ್ಡದ ತಿರುವಿನಲ್ಲಿ ಕೆಂಪು ಬಾವುಟ ಹಿಡಿದವನೊಬ್ಬ ಬಸ್ಸು ನಿಲ್ಲಿಸಿದ. ರಸ್ತೆ ಅಗಲ ಮಾಡಲು ಬಂಡೆ ಒಡೆಯುತ್ತಿದ್ದರು. ಮೂರು ಗಿಡ್ಡ ಸೀಟಿ ಕೇಳಿಸಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. ಮೊದಲ ಸದ್ದಿಗೆ ಕಿಟಕಿಯ ಗಾಜು ಅದುರಿತು. ನನಗೆ ಅರಿವಿಲ್ಲದೆಯೇ ಎಣಿಸತೊಡಗಿದ್ದೆ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಏನೂ ಇಲ್ಲ. ಬಾವುಟದವನು ಹೋಗಿರೆಂದು ಕೈಬೀಸಿದ, ಡ್ರೈವರ್ ಗೇರು ಹಾಕಿದ. ನಾನು ಎದ್ದು ನಿಂತು, ಎಷ್ಟು ಕುಳಿಗೆ ಮದ್ದು ಹಾಕಿದ್ದರು ಎಂದು ಅವನನ್ನು ಕೇಳಿ ಎಂದೆ. ಕಂಡಕ್ಟರನಿಗೆ ನನ್ನ ಮಾತು ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ, ಬಹುಶಃ ಕೂಗಿಯೇ ಹೇಳಿದೆ. ಇಡೀ ಬಸ್ಸು ನನ್ನ ಕಡೆ ತಿರುಗಿತು.

"ಕುಂಡರ್ರಿ ಸರ, ನೀವೇನ್ ಇಂಜಿನಿಯರ್ ಏನ್ರಿ?" ಎಂದ ಕಂಡಕ್ಟರ್. ಬಸ್ಸು ಹೊರಟಿತು. ಸುಟ್ಟ ಮದ್ದಿನ ವಾಸನೆ, ಒದ್ದೆ ಕಲ್ಲಿನ ವಾಸನೆ, ಎರಡೂ ಕಲೆತು ಕಿಟಕಿಯಿಂದ ಒಳಗೆ ಬಂದವು. ಮಹಾಕೂಟದ ಹೊಂಡದ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತೆ.

ಆ ವಾಸನೆ ನನಗೆ ಒಂದೇ ಒಂದು ಮಳೆಗಾಲಕ್ಕೆ ಸೇರಿದ್ದು. ಹುನಗುಂದದಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆಗಳನ್ನು ಬರೆಯುತ್ತಿದ್ದ ವರ್ಷ ಅದು. ಮನೆಯಲ್ಲಿ ಸುಮ್ಮನೆ ಕೂರಬಾರದೆಂದು ಇಳಕಲ್ಲಿನ ಹೊರಗಿದ್ದ ಒಂದು ಕೆಂಪು ಕಲ್ಲಿನ ಕ್ವಾರಿಯಲ್ಲಿ ರೈಟರ್ ಆಗಿ ಸೇರಿದ್ದೆ. ಕೊಯ್ದು ಇಟ್ಟ ಬ್ಲಾಕುಗಳ ಉದ್ದ ಅಗಲ ಅಳೆಯುವುದು, ಅವುಗಳ ಮೈಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಯುವುದು ನನ್ನ ಕೆಲಸ. ಒಳ್ಳೆಯ ಕಲ್ಲಿಗೆ ಯಾರೂ ಮದ್ದು ಮುಟ್ಟಿಸುವುದಿಲ್ಲ, ಬಿರುಕು ಬಿಡುತ್ತದೆ. ಅದನ್ನು ತಂತಿಯಿಂದ ಕೊಯ್ಯುತ್ತಾರೆ. ಮೇಲಿನ ಒಡಕು ಪದರ ತೆಗೆಯಲು ಮಾತ್ರ ಮದ್ದು. ವಾರಕ್ಕೆ ಎರಡು ಸಲವೋ ಮೂರು ಸಲವೋ, ಮಧ್ಯಾಹ್ನ ಜನರೆಲ್ಲ ಊಟಕ್ಕೆ ಮೇಲೆ ಹತ್ತಿದ ಮೇಲೆ.

ಮದ್ದಿನ ಕೆಲಸ ಹುಸೇನಸಾಬರದು. ಐವತ್ತರ ಹತ್ತಿರದವರು, ತಂದೆಯ ಕಾಲದಿಂದಲೂ ಅವರ ಮನೆಯ ಕಸುಬು ಇದೇ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಮದ್ದು ತುಂಬಲು ಬಂಡೆಯಲ್ಲಿ ಕೊರೆದ ಒಂದೊಂದು ಕುಳಿಯ ಬತ್ತಿಯನ್ನು ಒಂದೊಂದು ಉದ್ದಕ್ಕೆ ಕತ್ತರಿಸುತ್ತಿದ್ದರು. ಒಂದಾದ ಮೇಲೊಂದು ಹಾರಬೇಕು, ಸದ್ದುಗಳು ಬಿಡಿಬಿಡಿಯಾಗಿ ಕೇಳಬೇಕು, ಎಣಿಸಲು ಬರಬೇಕು. ಎಣಿಸುವುದೇ ಆ ಕ್ವಾರಿಯ ದೊಡ್ಡ ನಿಯಮ. ಎಷ್ಟು ಕುಳಿ ತುಂಬಿದೆಯೋ ಅಷ್ಟು ಸದ್ದು ಬಂದಿರಬೇಕು. ಒಂದು ಕಡಿಮೆಯಾದರೂ ಆ ಒಂದು ಎಲ್ಲೋ ಕಲ್ಲಿನೊಳಗೆ ಕಾಯುತ್ತಿದೆ ಎಂದು ಅರ್ಥ. ಅರ್ಧ ದಿನ ಯಾರೂ ಕೆಳಗೆ ಇಳಿಯುವಂತಿಲ್ಲ.

ಎಣಿಸುವವರು ಇಬ್ಬರು. ಕೆಳಗೆ ಗುಡ್ಡೆಯ ಮರೆಯಲ್ಲಿ ಕಾಕಾ, ಮೇಲೆ ತಗಡಿನ ಆಫೀಸಿನ ಮುಂದೆ ನಾನು. ಸದ್ದು ಮುಗಿದ ಮೇಲೆ ಕಾಕಾ "ಎಷ್ಟು?" ಎಂದು ಕೂಗಿ ಕೇಳುವರು. ಕಿರಿಯವನೇ ಮೊದಲು ಹೇಳಬೇಕು. ಹಿರಿಯ ಮೊದಲು ಹೇಳಿದರೆ ಕಿರಿಯ ಸುಮ್ಮನೆ ಹೌದೆನ್ನುತ್ತಾನೆ, ಅದು ಲೆಕ್ಕವಲ್ಲ, ಮರ್ಯಾದೆ ಎಂದು ನಾನು ಸೇರಿದ ಮೊದಲ ದಿನವೇ ಅವರು ಹೇಳಿಕೊಟ್ಟಿದ್ದರು. ಎರಡು ಲೆಕ್ಕವೂ ಒಂದೇ ಆದರೆ ಒಂದು ಉದ್ದ ಸೀಟಿ. ಆಗ ಯಮನೂರಪ್ಪ ಹಾರೆ ಹಿಡಿದು ಒಬ್ಬನೇ ಇಳಿಯುತ್ತಿದ್ದ, ಸಡಿಲವಾಗಿ ಜೋತುಬಿದ್ದ ಕಲ್ಲುಗಳನ್ನು ಕೆಡವಲು. ಅವನು ಕೆಡವಿ ಮುಗಿಸಿ ಕೈ ಎತ್ತಿದ ಮೇಲೆಯೇ ಉಳಿದವರು ಇಳಿಯಬೇಕು.

ಯಮನೂರಪ್ಪ ಗುಡೂರಿನವನು. ಕುಳಿ ಕೊರೆಯುವವನೂ ಅವನೇ, ಮೊದಲು ಇಳಿಯುವವನೂ ಅವನೇ. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಬೇಸಿಗೆಯಲ್ಲಿ ಒಮ್ಮೆ ನಾನು ನಾಲ್ಕು ಎಂದೆ, ಕಾಕಾ ಐದು ಎಂದರು, ಹಾಕಿದ್ದು ಐದು. ಕಾಕಾ ತಮ್ಮ ಕಿವಿಯನ್ನು ನಂಬಲಿಲ್ಲ, ಇಬ್ಬರ ಮಾತು ಕೂಡಲಿಲ್ಲವೆಂದು ಎಲ್ಲರನ್ನೂ ಸಂಜೆಯವರೆಗೆ ಕೂರಿಸಿದರು. ಮ್ಯಾನೇಜರ್ ಬೈದಾಡಿದ. ಯಮನೂರಪ್ಪ ಬೇವಿನ ನೆರಳಿನಲ್ಲಿ ಕಾಲು ಚಾಚಿ, ರೈಟರನ ಕಿವಿಗೆ ದಿನಾ ಎಣ್ಣೆ ಬಿಡುವ ಕೆಲಸ ನನಗೆ ಕೊಡಿ, ನನ್ನ ಜೀವ ಅದರೊಳಗೇ ಇದೆ ಎಂದು ನಗಿಸಿದ್ದ.

ಈ ಕಾಕಾನೇ ನಮ್ಮ ಆಟದ ದಂಡಿಗೂ ನಾಯಕ. ಮೊಬೈಲಿನಲ್ಲಿ ಆಡುವ ಯುದ್ಧದ ಆಟ ಅದು. ದೊಡ್ಡ ನಕ್ಷೆಯ ಮೇಲೆ ಪ್ರತಿಯೊಬ್ಬರಿಗೂ ಒಂದು ಕೋಟೆ. ಸೈನ್ಯ ಕಟ್ಟಿ ಇನ್ನೊಬ್ಬರ ಕೋಟೆಯ ಮೇಲೆ ಕಳಿಸಬೇಕು. ಸೈನ್ಯದ ಮುಂದೆ ಒಬ್ಬ ಹೀರೋ ಇರಬೇಕು. ನಕ್ಷೆಯಲ್ಲಿ ಸೈನ್ಯ ನಡೆದು ಮುಟ್ಟಲು ನಿಜವಾದ ನಿಮಿಷಗಳೇ ಹಿಡಿಯುತ್ತವೆ, ದೂರದ ಕೋಟೆಯಾದರೆ ಹೆಚ್ಚು, ಹತ್ತಿರದ್ದಾದರೆ ಕಡಿಮೆ. ನಮ್ಮ ದಂಡಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ಬಾದಾಮಿಯ ಆಟೋದವನು, ಬಾಗಲಕೋಟೆಯ ಔಷಧ ಅಂಗಡಿಯವನು, ಬೇವೂರಿನ ಇಬ್ಬರು ಅಣ್ಣತಮ್ಮಂದಿರು. ಹೆಚ್ಚಿನವರ ಮುಖ ನಾನು ನೋಡಿಯೇ ಇಲ್ಲ. ನೋಡಿದವರಲ್ಲಿ ಮುಖ್ಯಳೆಂದರೆ ಗಿರಿಜಕ್ಕ, ಇಳಕಲ್ಲಿನ ನೇಕಾರರ ಮನೆಯ ಸೊಸೆ. ಕುಣಿ ಮಗ್ಗದ ಮೇಲೆ ಸೀರೆ ನೇಯುತ್ತಿದ್ದಳು, ಕೈಗೆ ಬಿಡುವು ಸಿಕ್ಕಾಗ ಆಡುತ್ತಿದ್ದಳು. ಅತ್ತೆಗೆ ಗೊತ್ತಾಗಬಾರದೆಂದು ಆಟದ ಸದ್ದನ್ನು ಸದಾ ಮುಚ್ಚಿಯೇ ಇಡುತ್ತಿದ್ದಳು. ನಮ್ಮೊಂದಿಗೆ ಕಾಲ್ ಮೇಲೆ ಮಾತಾಡುವುದನ್ನು ಮಾತ್ರ, ತವರಿನವರ ಜೊತೆ ಮಾತು ಎಂದು ಅತ್ತೆ ತಿಳಿದಿದ್ದರು.

ಐದಾರು ವಾರಕ್ಕೊಮ್ಮೆ ಆ ಆಟದ ಕಂಪನಿ ಹೊಸ ಹೀರೋ ಬಿಡುತ್ತಿತ್ತು. ಹೊಸಬ ಬಂದನೆಂದರೆ ಹಳೆಯ ಬುದ್ಧಿ ಕೆಲಸಕ್ಕೆ ಬಾರದು. ಇದನ್ನು ಆಡದವರಿಗೆ ಹೇಳಿ ತಿಳಿಸುವುದು ಕಷ್ಟ. ಬೇಸಿಗೆಯಲ್ಲಿ ನಮ್ಮ ಕೈಯಲ್ಲಿದ್ದವನು ಗಡ್ಡದ ಒಬ್ಬ ಹೀರೋ, ಅವನಿಗೆ ನಾವಿಟ್ಟ ಹೆಸರು ಮುದುಕ. ಮುದುಕ ಓಡುವುದಿಲ್ಲ, ಬಾಗಿಲು ಕಾಯುತ್ತಾನೆ. ಅವನಿದ್ದ ಕೋಟೆಯ ಸುತ್ತ ಎಲ್ಲರೂ ಗೋಡೆಗೆ ಗೋಡೆ ತಾಗಿಸಿ ಕುಳಿತರೆ ಸಾಕು, ಹೊಡೆಯಲು ಬಂದವರೇ ಸುಸ್ತಾಗಿ ಹೋಗುತ್ತಿದ್ದರು. ಮುದುಕನ ಕಾಲದಲ್ಲಿ ಗೆಲ್ಲುವ ಉಪಾಯ ಒಂದೇ, ಕಾಯುವುದು. ಕಾಯುವುದು ಕಾಕಾನ ರಕ್ತದಲ್ಲೇ ಇತ್ತು. ನಮ್ಮನ್ನು ಯಾರಿಗೂ ಅಲುಗಿಸಲಾಗುತ್ತಿರಲಿಲ್ಲ. ಆ ದಿನಗಳಲ್ಲಿ ಮದ್ದಿನ ಕೆಲಸ ಇದ್ದಾಗ ಕಾಕಾ ಮೊಬೈಲನ್ನು ಬುತ್ತಿಯ ಚೀಲದಲ್ಲಿಟ್ಟು, ಚೀಲವನ್ನು ಆಫೀಸಿನ ಗೂಟಕ್ಕೆ ನೇತುಹಾಕಿ ಇಳಿಯುತ್ತಿದ್ದರು.

ಮುಂಗಾರು ಶುರುವಾದ ಹೊತ್ತಿಗೆ ಬೆಂಕಿ ಬಾಣದ ಹೀರೋ ಬಂದ. ಕಡ್ಡಿಪೆಟ್ಟಿಗೆ ಎಂದು ಅವನಿಗೆ ಹೆಸರಿಟ್ಟವಳು ಗಿರಿಜಕ್ಕ. ಅವನು ಒಂದು ಕೋಟೆಗೆ ಹಚ್ಚಿದ ಬೆಂಕಿ ಪಕ್ಕದ ಗೋಡೆಗೂ ಹತ್ತುತ್ತಿತ್ತು. ಎದುರಿನ ದಂಡಿನವರ ಊರು ಯಾವುದೋ ಗೊತ್ತಿಲ್ಲ, ಹಳದಿ ಬಾವುಟದವರು ಎನ್ನುತ್ತಿದ್ದೆವು. ಒಂದೇ ಮಧ್ಯಾಹ್ನ ಅವರು ನಮ್ಮ ಅರ್ಧ ದಂಡನ್ನು ಸುಟ್ಟರು. ಒಟ್ಟಿಗೆ ಇದ್ದದ್ದೇ ನಮ್ಮ ಬಲ, ಆಗ ಅದೇ ನಮ್ಮನ್ನು ತಿಂದಿತು. ಕೋಟೆಗಳನ್ನು ನಕ್ಷೆಯ ಮೂಲೆ ಮೂಲೆಗೆ ಒಯ್ದೆವು. ಒಬ್ಬರಿಗೊಬ್ಬರು ನೆರವಿಗೆ ಹೋಗಲು ನಾಲ್ಕು ನಿಮಿಷ, ಐದು ನಿಮಿಷ ಬೇಕಾಯಿತು. ಯಾರ ಮೇಲೆ ಯಾವಾಗ ಬೀಳುತ್ತಾರೋ ಎಂದು ಎಲ್ಲರೂ ಮೊಬೈಲಿನ ಮೇಲೆ ಒಂದು ಕಣ್ಣಿಟ್ಟೇ ಇರಬೇಕಾಯಿತು. ಕಾಕಾನ ಮೊಬೈಲು ಚೀಲದಿಂದ ಅಂಗಿಯ ಜೇಬಿಗೆ ಬಂದದ್ದು ಆಗಲೇ. ನಾನು ನೋಡಿದೆ. ಏನೂ ಅನ್ನಿಸಲಿಲ್ಲ.

ಶ್ರಾವಣಕ್ಕೆ ಗುಡುಗವ್ವ ಬಂದಳು. ಆಟದಲ್ಲಿ ಅವಳಿಗೆ ಬೇರೇನೋ ಉದ್ದದ ಹೆಸರಿತ್ತು. ಕರಿ ಕುದುರೆಯ ಮೇಲೆ ಬಂದು ಕೋಟೆಗೆ ಬಡಿಯುವಾಗ ಗುಡುಗಿನ ಸದ್ದು, ನಿಜವಾದ ಗುಡುಗೇ, ಎದೆಗೆ ತಾಗುವಂಥದ್ದು. ಅವಳ ಗುಣ ಹೀಗಿತ್ತು: ಅವಳು ಬಡಿಯುವ ಅದೇ ಸೆಕೆಂಡಿನಲ್ಲಿ ಇನ್ನು ನಾಲ್ಕು ಸೈನ್ಯಗಳೂ ಅದೇ ಕೋಟೆಗೆ ಬಿದ್ದರೆ ಎಂಥ ಗೋಡೆಯೂ ನಿಲ್ಲುವುದಿಲ್ಲ, ಮುದುಕ ಕಾದ ಗೋಡೆಯೂ. ಒಂದು ಸೆಕೆಂಡು ಹಿಂದುಮುಂದಾದರೆ ಅವಳ ಸೈನ್ಯವೇ ನಾಶ. ಕೋಟೆಗಳು ಮೂಲೆಗೊಂದು ಚದುರಿದ್ದ ನಮ್ಮಂಥವರಿಗೆ, ಯಾರು ಎಷ್ಟು ಹೊತ್ತಿಗೆ ಹೊರಟರೆ ಎಲ್ಲರೂ ಒಟ್ಟಿಗೆ ಮುಟ್ಟುತ್ತಾರೆ ಎಂಬುದೇ ಯುದ್ಧವಾಯಿತು.

ಆಟ ಕೊಡುವ ದಿನದಿನದ ಕೆಲಸಗಳನ್ನು ಬಿಡದೆ ಮುಗಿಸಿ ನಮ್ಮಲ್ಲಿ ಮೊದಲು ಅವಳನ್ನು ಪಡೆದವರು ಕಾಕಾ. ಹಾಗಾಗಿ ದಾಳಿಗೆ ಅವರೇ ಮುಂದಾಳು. ಮೊದಲ ಅಭ್ಯಾಸದ ದಿನ ಅವರು ಒಂದು ಚೀಟಿಯಲ್ಲಿ ಐವರ ದೂರ ಬರೆದುಕೊಂಡು, ಕಾಲ್ ಮೇಲೆ ಒಬ್ಬೊಬ್ಬರನ್ನೇ ಹೊರಡಿಸಿದರು. ಐದೂ ಸೈನ್ಯಗಳು ಒಂದೇ ಸೆಕೆಂಡಿಗೆ ಬಿದ್ದವು. ಬೇರೆ ದಂಡುಗಳಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದವರಿಗೂ ಅಷ್ಟು ಹದ ಸಿಕ್ಕಿರಲಿಲ್ಲ. ಹೇಗೆ ಮಾಡಿದಿರಿ ಎಂದು ಕೇಳಿದೆ.

"ಇದೇನ್ ಹೊಸಾದಲ್ಲೋ ತಮ್ಮಾ. ಬತ್ತಿ ಕತ್ತರಿಸಿದಂಗ. ಅಲ್ಲಿ ಒಂದಾದಮ್ಯಾಗ ಒಂದ ಹಾರಬೇಕು, ಇಲ್ಲಿ ಎಲ್ಲಾ ಕೂಡಿ ಹಾರಬೇಕು. ಅಷ್ಟ ಫರಕು."

ನಾವೆಲ್ಲ ನಕ್ಕೆವು. ಆ ಫರಕನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಕ್ವಾರಿಯಲ್ಲಿ ಅವರು ಮೂವತ್ತು ವರ್ಷ ಕಲಿತದ್ದು ಬಿಡಿಬಿಡಿಯಾಗಿ ಕೇಳುವುದನ್ನು, ಸಂಶಯ ಬಂದರೆ ಕಾಯುವುದನ್ನು. ಗುಡುಗವ್ವ ಕೇಳುತ್ತಿದ್ದದ್ದು ಅದರ ತಿರುವುಮುರುವು. ಕಾದವರು ಸತ್ತಂತೆಯೇ. ಆ ತಿಂಗಳಲ್ಲಿ ಕಾಕಾ ನಡೆಯುವ ರೀತಿಯೇ ಬದಲಾಯಿತು. ಚಹಾ ಕುಡಿಯುವಾಗಲೂ ಬಾಯಲ್ಲಿ ಸೆಕೆಂಡುಗಳನ್ನು ಹಿಂದಿನಿಂದ ಎಣಿಸುತ್ತಿದ್ದರು. ನಾನೂ ಬದಲಾಗಿದ್ದೆ. ಬ್ಲಾಕಿನ ನಂಬರುಗಳನ್ನು ಎರಡು ಸಲ ತಪ್ಪು ಬರೆದೆ. ಗಿರಿಜಕ್ಕ ಒಬ್ಬಳೇ ಒಮ್ಮೆ ಕಾಲ್ ಮೇಲೆ, ಮಗ್ಗದ ಸದ್ದಿನ ನಡುವೆ ಹೇಳಿದಳು: "ಕಾಕಾ, ಆ ಹೆಂಗಸ ನಾವ ಹೇಳಿದಂಗ ಕೇಳಾಕತ್ತಿಲ್ಲರಿ. ನಾವ ಆಕಿ ಹೇಳಿದಂಗ ಕೇಳಾಕತ್ತೇವಿ." ಕಾಕಾ ಮುಂದಿನವರ ಹೆಸರು ಕರೆದರು. ಯಾರದೋ ಸೈನ್ಯ ಹೊರಡುವ ಹೊತ್ತಾಗಿತ್ತು.

ಯಮನೂರಪ್ಪನ ಬಳಿ ಗುಂಡಿ ಒತ್ತುವ ಹಳೆಯ ಫೋನು. ನಾವಿಬ್ಬರೂ ಮೊಬೈಲಿಗೆ ಬಾಗಿ ಕುಳಿತರೆ ಅವನು ಬಂದು ನಡುವೆ ತಲೆ ತೂರಿಸಿ, ಎಲ್ಲಿ ನಿಮ್ಮ ಅವ್ವ, ಅವಳಿಗೊಂದು ಕಾಯಿ ಒಡೆಸಿರಿ, ನನ್ನ ಕುಳಿಗಳನ್ನೂ ಅವಳೇ ಕೊರೆದುಕೊಡಲಿ ಎನ್ನುತ್ತಿದ್ದ. ಶ್ರಾವಣದ ಮಳೆ ಆ ವರ್ಷ ನಮ್ಮ ಕಡೆ ಒಂದೇ ಸಮ ಹಿಡಿದಿತ್ತು, ದೊಡ್ಡ ಮಳೆಯಲ್ಲ, ಬಿಡದೆ ಉದುರುವ ಜಿಟಿಜಿಟಿ. ಒದ್ದೆಯಾದ ಕೆಂಪು ಕಲ್ಲು ಹಸಿ ಮಾಂಸದಂತೆ ಹೊಳೆಯುತ್ತಿತ್ತು. ಕ್ವಾರಿಯ ತಳದಲ್ಲಿ ನೀರು ನಿಂತು ದಿನಾ ಪಂಪು ಹಚ್ಚಬೇಕಾಗುತ್ತಿತ್ತು. ಮೋಡ ಗುಡುಗಿದರೆ ಆ ದಿನ ಮದ್ದಿನ ಕೆಲಸ ಬಂದ್, ಅದೂ ಒಂದು ನಿಯಮ. ಆಕಾಶದ ಗುಡುಗಿಗೆ ನಿಯಮವಿತ್ತು. ಕೈಯೊಳಗಿನ ಗುಡುಗಿಗೆ ಯಾರೂ ನಿಯಮ ಮಾಡಿರಲಿಲ್ಲ.

ಆಟದಲ್ಲಿ ನಕ್ಷೆಯ ನಟ್ಟನಡುವೆ ಒಂದು ದೊಡ್ಡ ಕೋಟೆ. ಅದನ್ನು ಹಿಡಿದ ದಂಡಿಗೆ ಆ ಇಡೀ ಸುತ್ತಿನ ಗೆಲುವು ಸೇರುತ್ತಿತ್ತು. ಅದರ ಬಾಗಿಲು ತೆರೆಯುವುದು ಒಂದು ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಎಂದು ಮೊದಲೇ ಹೇಳಿದ್ದರು. ನಮ್ಮ ಕ್ವಾರಿಯಲ್ಲಿ ಜನ ಊಟಕ್ಕೆ ಏಳುವುದೂ ಹನ್ನೆರಡೂಕಾಲಿಗೆ. ಮೂರು ದಿನ ಮಳೆಯಿಂದ ನಿಂತ ಕೆಲಸ ಆ ಗುರುವಾರ ಮಾಡಲೇಬೇಕೆಂದು ಮ್ಯಾನೇಜರ್ ಹಟ ಹಿಡಿದಿದ್ದ. ನಾಳೆಗೆ ಹಾಕೋಣ ಎಂದು ಕಾಕಾ ಹೇಳಬಹುದಿತ್ತು, ಅವರ ಮಾತಿಗೆ ಬೆಲೆಯಿತ್ತು. ಹೇಳಲಿಲ್ಲ. ಎರಡನ್ನೂ ಕೂಡಿಸಿ ಮುಗಿಸಬಹುದೆಂದು ಅವರು ಲೆಕ್ಕ ಹಾಕಿದ್ದರು. ಬತ್ತಿ ಹಚ್ಚಿ ಮರೆಗೆ ಬಂದರೆ ಅದು ಉರಿಯುವ ನಿಮಿಷಗಳಲ್ಲೇ ಸೈನ್ಯಗಳೂ ನಡೆಯುತ್ತವೆ. ಅಲ್ಲಿ ಏಳು ಕುಳಿ, ಇಲ್ಲಿ ಐದು ಸೈನ್ಯ. ಲೆಕ್ಕ ಹೇಳುವಾಗ ಅವರ ಮುಖದಲ್ಲಿ ಒಂದು ಥರದ ಸಂತೋಷ ಇತ್ತು, ಕುಶಲ ಕೆಲಸಗಾರನಿಗೆ ತನ್ನ ಕೈಯ ಬಗ್ಗೆ ಇರುವಂಥದ್ದು.

ಬೆಳಿಗ್ಗೆ ಕುಳಿ ಕೊರೆದು ಬಂದ ಯಮನೂರಪ್ಪ, ಏಳನೆಯದು ಮೂಲೆಯಲ್ಲಿದೆ, ಒಳಗೆ ನೀರು ಒಸರುತ್ತಿದೆ, ಅದೊಂದನ್ನು ಬಿಟ್ಟುಬಿಡೋಣ ಎಂದ. ಕಾಕಾ ಹೋಗಿ ನೋಡಿದರು, ಪ್ಲಾಸ್ಟಿಕ್ ಸುತ್ತಿ ತುಂಬಿದರು. ಬೇರೆ ದಿನವಾಗಿದ್ದರೆ ಕುಳಿಯನ್ನು ಕೋಲಿಗೆ ಕಟ್ಟಿದ ಒಣಬಟ್ಟೆಯಿಂದ ಒರೆಸಿ, ಮತ್ತೆ ಕೋಲು ಇಳಿಸಿ ನೋಡಿ, ಅರ್ಧ ಗಂಟೆ ಅದರ ಮುಂದೆಯೇ ಕುಕ್ಕರಗಾಲಲ್ಲಿ ಕೂರುವವರು. ಆ ದಿನ ಎದ್ದು ಮೊಬೈಲಿನಲ್ಲಿ ಗಂಟೆ ನೋಡಿದರು.

ಎಲ್ಲರೂ ದೂರ ಸರಿಯಿರೆನ್ನುವ ಮೂರು ಗಿಡ್ಡ ಸೀಟಿ ಊದಿದರು. ಜನರೆಲ್ಲ ಮೇಲೆ ಬಂದು ಬೇವಿನ ಗಿಡಗಳ ಆಚೆ ಬುತ್ತಿ ಬಿಚ್ಚಿದರು. ಯಮನೂರಪ್ಪ ಇಳಿಜಾರಿನ ತಲೆಯಲ್ಲಿ ಹಾರೆ ಊರಿ ಕುಳಿತ, ಅದು ಅವನ ಜಾಗ. ಕಾಕಾ ಏಳೂ ಬತ್ತಿಗೆ ಬೆಂಕಿ ಮುಟ್ಟಿಸಿ ಗುಡ್ಡೆಯ ಮರೆಗೆ ಬಂದರು. ಅವರ ಕೈಯಲ್ಲಿ ಮೊಬೈಲು, ಒಂದು ಕಿವಿಯಲ್ಲಿ ಇಯರ್‌ಫೋನು. ನಾನು ಆಫೀಸಿನ ಮುಂದೆ ಹಾಗೆಯೇ. ಐವರೂ ಕಾಲ್ ಮೇಲೆ ಇದ್ದೆವು. ಏಳು ಸದ್ದು ಆಗುತ್ತವೆ, ಯಾರೂ ಹೆದರಬೇಡಿ, ಅವು ನಮ್ಮವೇ ಎಂದು ಕಾಕಾ ಎಲ್ಲರಿಗೂ ಹೇಳಿದರು. ನಂತರ ಒಬ್ಬೊಬ್ಬರ ಹೆಸರು ಕರೆದು ಹೊರಡಿಸಿದರು. ಬಾದಾಮಿ ಹೊರಟಿತು. ಬೇವೂರು ಹೊರಟಿತು. ಗಿರಿಜಕ್ಕ. ನಾನು. ಕೊನೆಗೆ ಅವರ ಗುಡುಗವ್ವ.

ಮೊದಲ ಸದ್ದು ಬಂತು. ತಗಡು ನಡುಗಿತು. ಒಂದು ಎಂದುಕೊಂಡೆ. ಪರದೆಯ ಮೇಲೆ ನನ್ನ ಕುದುರೆಗಳು ನದಿ ದಾಟುತ್ತಿದ್ದವು. ಎರಡು. ಮೂರು. ಅದೇ ಸದ್ದು ಕಾಕಾನ ಫೋನಿನಿಂದ ಹಾದು ನನ್ನ ಕಿವಿಯಲ್ಲಿ ಮತ್ತೆ ಸಣ್ಣದಾಗಿ ಮೊಳಗುತ್ತಿತ್ತು. ನಾಲ್ಕು. ಹಳದಿ ಬಾವುಟದವರು ಮುದುಕನನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದು ಕಂಡಿತು. ಐದು. ಕಾಕಾ ಹತ್ತರಿಂದ ಹಿಂದಕ್ಕೆ ಎಣಿಸುತ್ತಿದ್ದರು. ನಾನು ಮುಂದಕ್ಕೆ ಎಣಿಸಬೇಕಿತ್ತು, ಅವರ ಜೊತೆ ಹಿಂದಕ್ಕೆ ಎಣಿಸುತ್ತಿದ್ದೆ. ನಾಲ್ಕು ಎಂಬಲ್ಲಿ ಒಂದು ದೊಡ್ಡ ಸದ್ದು. ಮೂರು, ಎರಡು, ಒಂದು. ಆಗ ಗುಡುಗು. ಗೋಡೆ ಒಡೆಯಿತು. ಪರದೆಯೆಲ್ಲ ಬಂಗಾರದ ಬಣ್ಣವಾಯಿತು. ಆಟೋದವನು ಕೇಕೆ ಹಾಕಿದ. ನಾನೂ ಕೈ ಎತ್ತಿ ಕುಣಿದೆನೋ ಏನೋ.

ಕೆಳಗಿನಿಂದ ಕಾಕಾ ಮುಖ ಎತ್ತಿ ಕೇಳಿದರು: "ಎಷ್ಟು?"

ನನ್ನ ತಲೆಯೊಳಗೆ ಇನ್ನೂ ಮೊಳಗುತ್ತಿದ್ದ ಆ ಕೊನೆಯ ಸದ್ದನ್ನು ಸೇರಿಸಿ, ಒಂದು ಕ್ಷಣವೂ ತಡೆಯದೆ ಹೇಳಿದೆ: "ಏಳು."

ಕಾಕಾ ತಡೆದರು. ಇದನ್ನು ನಾನು ಸ್ಪಷ್ಟವಾಗಿ ನೋಡಿದೆ, ಈಗಲೂ ನೋಡುತ್ತೇನೆ. ಅವರ ತಲೆ ಸ್ವಲ್ಪ ವಾಲಿತು, ಏನನ್ನೋ ಮತ್ತೆ ಕೇಳಿಸಿಕೊಳ್ಳುವವರಂತೆ. ಕೆಲವೊಮ್ಮೆ ಎರಡು ಕುಳಿ ಕೂಡಿಯೇ ಹಾರುತ್ತವೆ, ಒಂದೇ ಸದ್ದಿನಂತೆ ಕೇಳುತ್ತವೆ. ಹಾಗೇ ಆಗಿರಬೇಕು ಎಂದುಕೊಂಡರೇನೋ. ಬೇಸಿಗೆಯ ಕಾಕಾ ಆಗಿದ್ದರೆ ಆ ಒಂದು ತಡೆಗೇ ಅರ್ಧ ದಿನ ಕೊಡುತ್ತಿದ್ದರು. ಅವರು "ಏಳು" ಎಂದರು. ಉದ್ದ ಸೀಟಿ ಊದಿದರು.

ಯಮನೂರಪ್ಪ ತಕ್ಷಣ ಏಳಲಿಲ್ಲ. ಒಮ್ಮೆ ನನ್ನ ಕಡೆ, ಒಮ್ಮೆ ಕಾಕಾನ ಕಡೆ ನೋಡಿದ. ಆಮೇಲೆ ಹಾರೆ ಹೆಗಲಿಗೇರಿಸಿ ಇಳಿದ. ಗೆದ್ದ ಸಂಭ್ರಮದಲ್ಲಿ ಕಾಲ್ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅವನು ಹೊಗೆಯೊಳಗೆ ಹೋದ, ತಳ ಮುಟ್ಟಿದ, ಒಡೆದ ಕಲ್ಲುಗಳ ಮೇಲೆ ಕಾಲಿಡುತ್ತಾ ಮೂಲೆಯ ಕಡೆ ನಡೆದ. ಮಾತಿನ ಗದ್ದಲ ಸ್ವಲ್ಪ ಇಳಿದಾಗ ಗಿರಿಜಕ್ಕ ಸಾವಕಾಶವಾಗಿ ಕೇಳಿದಳು.

"ಕಾಕಾ, ನಂಗ ಆರ ಕೇಳಿದುವಲ್ಲರಿ. ಏಳನೇದ ಇನ್ನೂ ಹಾರೂದೈತೇನು?"

ಅವಳದು ಸೆರಗಿನ ಹಾಸಿನ, ಅಂದರೆ ಉದ್ದನೂಲಿನ, ಎಳೆಗಳನ್ನು ಸೀರೆಯ ಒಡಲಿನ ಹಾಸಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ. ಒಂದು ಎಳೆ ತಪ್ಪಿದರೆ ಇಡೀ ಸೀರೆ ಕೆಟ್ಟಿತು. ಏಳು ಎಂದು ಯಾರಾದರೂ ಹೇಳಿದರೆ ಏಳು ಆಗುವವರೆಗೆ ಅವಳ ಮನಸ್ಸು ಎಣಿಸುತ್ತಲೇ ಇರುತ್ತದೆ. ಅವಳ ಫೋನಿನಲ್ಲಿ ಆಟದ ಸದ್ದಿರಲಿಲ್ಲ. ಅವಳಿಗೆ ಗುಡುಗವ್ವ ಕೇಳಿಸಿರಲಿಲ್ಲ.

ನಾನು ಗುಡುಗನ್ನು ಎಣಿಸಿದ್ದೆ. ಕಾಕಾ ಮೊಬೈಲು ಬಿಸಾಡಿ ಗುಡ್ಡೆ ಹತ್ತಿ ಮೂರು ಗಿಡ್ಡ ಸೀಟಿ ಊದಿದರು, ಮತ್ತೆ ಮೂರು, ಮತ್ತೆ ಮೂರು. ಯಮನೂರಪ್ಪ ಮೂಲೆಗೆ ಹತ್ತು ಹೆಜ್ಜೆ ಈಚೆ ನಿಂತು ತಿರುಗಿ ನೋಡಿದ. ಹಲ್ಲು ಕಾಣುವಂತೆ ನಕ್ಕ.

"ಏನ್ರಿ ಕಾಕಾ, ಗೆದ್ದದ್ದರ ಸೀಟಿ ಏನ್ರಿ ಇದು?"

ಕಾಕಾ ಅಷ್ಟರಲ್ಲಿ ಇಳಿಜಾರಿನಲ್ಲಿ ಓಡುತ್ತಿದ್ದರು. ಇಳಿಯಬಾರದಾಗಿತ್ತು, ಇಳಿದರು. ಬ್ಲಾಕಿನ ಹಿಂದೆ ಬೀಳು ಎಂದು ಅವರು ಅರಚಿದ್ದು ನನಗೆ ಮೇಲಿನವರೆಗೆ ಕೇಳಿಸಿತು. ಯಮನೂರಪ್ಪನ ನಗು ಮುಖದ ಮೇಲೆ ಹಾಗೇ ಉಳಿದು, ಕಣ್ಣು ಮಾತ್ರ ಬದಲಾಯಿತು. ಅವನು ಹಾರೆ ಬಿಟ್ಟ. ಎಡಕ್ಕೆ, ನಾನೇ ಹಿಂದಿನ ವಾರ ನಂಬರು ಬರೆದಿದ್ದ ಬ್ಲಾಕಿನ ಕಡೆ ಹಾರಿದ.

ಏಳನೆಯದು ಹಾರಿತು.

ಸದ್ದು ನನಗೆ ನೆನಪಿಲ್ಲ. ಮೂಲೆಯ ಗೋಡೆ ಉಬ್ಬಿ ಬಂದದ್ದು ನೆನಪಿದೆ, ಉಸಿರು ತೆಗೆದುಕೊಳ್ಳುವ ಎದೆಯಂತೆ. ಮೇಲೆ ತಗಡಿನ ಮೇಲೆ ಕಲ್ಲುಗಳು ಉದುರಿದವು. ಧೂಳು ಇಡೀ ಕ್ವಾರಿಯನ್ನು ತುಂಬಿತು, ಜಿಟಿಜಿಟಿ ಮಳೆ ಅದನ್ನು ನಿಧಾನವಾಗಿ ಕೆಳಗಿಳಿಸಿತು. ಅಷ್ಟು ಹೊತ್ತು ಅಲ್ಲಿ ಇಬ್ಬರು ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಬುತ್ತಿ ಬಿಟ್ಟು ಓಡಿ ಬಂದವರು ಅಂಚಿನಲ್ಲಿ ಸಾಲಾಗಿ ನಿಂತಿದ್ದರು, ಅವರ ಕೈಯಲ್ಲಿ ಇನ್ನೂ ರೊಟ್ಟಿ. ನನ್ನ ಕಿವಿಯಲ್ಲಿ ಗಿರಿಜಕ್ಕ ಕಾಕಾ, ಕಾಕಾ ಎಂದು ಕರೆಯುತ್ತಿದ್ದಳು. ಮೊದಲು ಎದ್ದು ನಿಂತದ್ದು ಕಾಕಾ, ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವರು ಬ್ಲಾಕಿನ ಹಿಂದೆ ಬಗ್ಗಿ ಯಾರನ್ನೋ ಎಳೆಯತೊಡಗಿದರು. ಅವರು ಹಿಡಿದೆಳೆದ ಕೈ ಅಲುಗಿತು.

ಯಮನೂರಪ್ಪನನ್ನು ಟಿಪ್ಪರಿನಲ್ಲಿ ಇಳಕಲ್ಲಿನ ದವಾಖಾನೆಗೆ ಒಯ್ದೆವು. ಎಡ ಹೆಗಲಿನ ಎಲುಬು ಎರಡು ಕಡೆ ಮುರಿದಿತ್ತು, ಎಡ ಕಿವಿಯ ತಮಟೆ ಹರಿದಿತ್ತು. ಜೀವ ಇದೆ ಎಂದರು ಡಾಕ್ಟರು, ಬೇರೇನನ್ನೂ ಕೇಳಬೇಡಿ ಎನ್ನುವ ದನಿಯಲ್ಲಿ. ಸಂಜೆ ಕ್ವಾರಿಯ ಮಾಲೀಕರು ಬಂದು ಯಾರು ಎಣಿಸಿದ್ದೆಂದು ಕೇಳಿದಾಗ ಕಾಕಾ, ಹಣೆಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದವರು, ಎಣಿಕೆ ತಮ್ಮದು, ತಪ್ಪೂ ತಮ್ಮದೇ ಎಂದರು. ನಾನು ಪಕ್ಕದಲ್ಲೇ ಇದ್ದೆ. ಅವರು ನನ್ನತ್ತ ನೋಡಲಿಲ್ಲ, ನೋಡಿದ್ದರೆ ಮಾತಾಡುತ್ತಿದ್ದೆನೇನೋ ಎಂದು ಎಷ್ಟೋ ದಿನ ಹೇಳಿಕೊಂಡಿದ್ದೇನೆ. ಅದೂ ಸುಳ್ಳಿರಬಹುದು. ಮರುದಿನದಿಂದ ಕಾಕಾ ಕೆಲಸಕ್ಕೆ ಬರಲಿಲ್ಲ. ಬೇರೆ ಯಾವ ಕ್ವಾರಿಯಲ್ಲೂ ಅವರು ಮತ್ತೆ ಬತ್ತಿ ಹಿಡಿಯಲಿಲ್ಲ.

ನಾನು ಇನ್ನೂ ಒಂದು ತಿಂಗಳು ಆಟವನ್ನು ಮೊಬೈಲಿನಿಂದ ತೆಗೆಯಲಿಲ್ಲ. ಆಡುತ್ತಿರಲಿಲ್ಲ, ತೆರೆದು ಆ ದಿನದ ಯುದ್ಧದ ವರದಿಯನ್ನು ನೋಡುತ್ತಿದ್ದೆ. ಐದು ಸೈನ್ಯಗಳ ಹೆಸರು, ಮುಟ್ಟಿದ ಹೊತ್ತು, ಐದಕ್ಕೂ ಒಂದೇ ಸೆಕೆಂಡು. ಜಯ ಎಂದು ಮೇಲೆ ಬರೆದಿತ್ತು. ಆಮೇಲೆ ಇನ್ನೊಬ್ಬ ಹೀರೋ ಬಂದ, ಗುಡುಗವ್ವನ ಪೆಟ್ಟನ್ನು ಕೋಟೆಯ ಹೊರಗೇ ನುಂಗುವವನು. ಒಂದೇ ವಾರದಲ್ಲಿ ಅವಳನ್ನು ಯಾರೂ ಬಳಸದಂತಾಯಿತು. ದಂಡಿನ ಗುಂಪಿನಲ್ಲಿ ಉಳಿದವರು ಹೊಸ ಉಪಾಯ ಮಾತಾಡುತ್ತಿದ್ದರು. ಈಗ ಮತ್ತೆ ಕಾಯುವುದೇ ಒಳ್ಳೆಯದು, ಒಟ್ಟಿಗೆ ಕೂರೋಣ ಎಂದು ಯಾರೋ ಬರೆದಿದ್ದ. ಅದನ್ನು ಓದಿದ ದಿನ ಆಟವನ್ನು ತೆಗೆದುಹಾಕಿದೆ.

ಹಿಂಗಾರಿನ ಜೋಳ ಬಿತ್ತುವ ಹೊತ್ತಿಗೆ ಯಮನೂರಪ್ಪನನ್ನು ನೋಡಲು ಗುಡೂರಿಗೆ ಹೋದೆ. ಅಲ್ಲಿಯವರೆಗೆ ಎರಡು ಸಲ ಬಸ್ಸು ಹತ್ತಿ ನಡುವೆಯೇ ಇಳಿದು ವಾಪಸು ಬಂದಿದ್ದೆ. ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ, ಎಡಗೈ ಇನ್ನೂ ಕೊರಳಿಗೆ ಕಟ್ಟಿದ್ದ ಬಟ್ಟೆಯಲ್ಲಿ. ತೆಳ್ಳಗಾಗಿದ್ದ. ನನ್ನನ್ನು ಕಂಡು, ಬರ್ರಿ ರೈಟರ್ ಸಾಹೇಬ್ರ, ಕಿವಿಗೆ ಎಣ್ಣೆ ಈಗ ನನಗೇ ಬಿಡಬೇಕಾಗಿದೆ ಎಂದ. ನನಗೆ ನಗಲು ಆಗಲಿಲ್ಲ. ಕೂರುವ ಮೊದಲೇ ಹೇಳಿಬಿಟ್ಟೆ. ಅಣ್ಣಾ, ನಾನು ಎಣಿಸಿರಲಿಲ್ಲ. ಆರನೆಯದಾದ ಮೇಲೆ ಕೇಳಿದ್ದು ಫೋನಿನೊಳಗಿನ ಗುಡುಗು. ಕಾಕಾ ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.

ಅವನು ಕೊರಳಿನ ಬಟ್ಟೆ ಸರಿಮಾಡಿಕೊಂಡ. ಬೀದಿಯಲ್ಲಿ ಕೂರಿಗೆ ಹೊತ್ತ ಟ್ರ್ಯಾಕ್ಟರೊಂದು ಹಾದು ಹೋಯಿತು.

"ನಂಗ ಗೊತ್ತಿತ್ತು ತಮ್ಮಾ," ಎಂದ. "ನಾನೂ ಎಣಿಸಿದ್ದೆ. ಆರ ಆಗಿದ್ದು."

ಹಾಗಿದ್ದರೆ ಯಾಕೆ ಇಳಿದೆ ಎಂದು ಕೇಳಿದೆ.

"ಹತ್ತ ವರ್ಷ ಆತು, ಪ್ರತಿ ಸಲಾನೂ ಎಣಸ್ತೇನಿ. ಇಳಿಯಾಂವ ನಾ ಅಲಾ, ಎಣಿಸಲಾರದ ಹೆಂಗ ಇರ್ಲಿ. ಆದ್ರ ಎಷ್ಟಂತ ನನ್ನ ಯಾರೂ ಕೇಳೂದಿಲ್ಲ. ಕೇಳೂದು ನಿನ್ನ, ಆಮ್ಯಾಗ ಕಾಕಾನ್ನ. ನೀ ಕಲತಾಂವ ಏಳ ಅಂದಿ. ಕಾಕಾನೂ ಏಳ ಅಂದ್ರು. ನಾ ಆರ ಅಂದಿದ್ರ ಅಂಜಿದ ಅಂತಿದ್ರಿ. ನನ್ನ ಕಿವೀನ ಸುಳ್ಳ ಅನ್ಕೊಂಡೆ, ಇಳದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಏನಾದರೂ ಮಾಡಬಹುದಿತ್ತು. ಅವನ ಹೆಂಡತಿ ಎರಡು ಬಟ್ಟಲು ಚಹಾ ತಂದು ನಡುವೆ ಇಟ್ಟು ಒಳಗೆ ಹೋದಳು. ನಾನು ಎದ್ದು, ಅವನ ಬಲಕ್ಕೆ, ಇನ್ನೂ ಕೇಳುವ ಕಿವಿಯ ಕಡೆಗೆ ಬಂದು ಕುಳಿತೆ.